ಏರಿನಲ್ಲಿ ನಿಲ್ಲುವ ಪದ್ಮಿನಿ, ತಣಿದರೆ ಮತ್ತೆ ಸ್ಟಾರ್ಟ್. ಕಾರಣ ಏನಿರಬಹುದು?

ಬದಿಯಡ್ಕ ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ನನ್ನದು 1985ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ತೆಗೆದದ್ದು, ಈಗ ನಾನು ಓಡಿಸುತ್ತೇನೆ. ಎರಡು ತಿಂಗಳಿಂದ ಒಂದೇ ತೊಂದರೆ. ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಕಳೆದ ಭಾನುವಾರ ಬೇಕಲದಲ್ಲಿ ಹಳೆ ಕಾರಿನವರೆಲ್ಲ ಸೇರುವುದಿತ್ತು. ಬೆಳಿಗ್ಗೆ ಎಂಟೂವರೆಗೆ ಬದಿಯಡ್ಕ ಬಿಟ್ಟೆ. ಚೆರ್ಕಳದವರೆಗೆ ಗಾಡಿ ಹೂವಿನ ಹಾಗೆ ಬಂತು. ಆಮೇಲೆ ತೆಕ್ಕಿಲ್ ಸೇತುವೆಯಲ್ಲಿ ಚಂದ್ರಗಿರಿ ಹೊಳೆ ದಾಟಿ ಚಟ್ಟಂಚಾಲಿಗೆ ಏರು ಶುರುವಾಗುತ್ತದಲ್ಲ, ಅಲ್ಲಿ ಅರ್ಧ ಹತ್ತುವಾಗ ಎಳೆತ ಕಮ್ಮಿಯಾಯಿತು. ಸೆಕೆಂಡ್ ಗೇರಿಗೆ ಹಾಕಿದೆ. ಎರಡು ಸಲ ಜಗ್ಗಿತು, ನಿಂತಿತು. ಹಿಂದಿನಿಂದ ಲಾರಿಗಳು, ಮೇಲಿಂದ ಮೇ ತಿಂಗಳ ಬಿಸಿಲು. ಹೆಂಡತಿ ಮಗಳನ್ನು ಇಳಿಸಿ ಬದಿಯಲ್ಲಿ ನಿಲ್ಲಿಸಿದೆ, ಚಕ್ರಕ್ಕೆ ಕಲ್ಲು ಕೊಟ್ಟೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ.

ಐದು ನಿಮಿಷ ಆಗಿರಲಿಲ್ಲ, ಬೇಕಲಕ್ಕೇ ಹೊರಟಿದ್ದ ಒಂದು ಅಂಬಾಸಿಡರ್ ಬಂದು ನಿಂತಿತು. ಅದರ ಹಿಂದೆ ಒಂದು ವಿಲ್ಲೀಸ್ ಜೀಪ್. ಇಬ್ಬರ ಮುಖವನ್ನೂ ನಾನು ಅದೇ ಮೊದಲು ನೋಡಿದ್ದು. ಹೆಸರು ಕೇಳುವ ಮೊದಲೇ ಬಾನೆಟ್ ಒಳಗೆ ಕೈ ಹಾಕಿದ್ದರು. ಮೇಲಿನ ಮನೆಯ ಅಮ್ಮ ಒಬ್ಬರು ಒಂದು ಕೊಡ ನೀರು, ಮಕ್ಕಳಿಗೆ ಮಜ್ಜಿಗೆ ಕಳಿಸಿದರು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆವು. ಇಪ್ಪತ್ತೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಒಂದೇ ಸಲಕ್ಕೆ ಸ್ಟಾರ್ಟ್. ಅಲ್ಲಿಂದ ಬೇಕಲದವರೆಗೆ ಏನೂ ಆಗಲಿಲ್ಲ. ವಾಪಸ್ ಬರುವಾಗ ಸಂಜೆ, ಬಿಸಿಲು ಇಲ್ಲ, ಆದರೂ ಹೊಳೆ ದಾಟಿ ಈಚೆ ಬದಿಯ ಏರಿನಲ್ಲಿ ಮತ್ತೆ ನಿಂತಿತು.

ಒಂದು ಗ್ಯಾರೇಜಿನಲ್ಲಿ ಪಂಪ್ ಹೋಗಿದೆ ಅಂದಿದ್ದರು. ತಿಂಗಳ ಹಿಂದೆಯೇ ಹೊಸ ಪಂಪ್ ಹಾಕಿಸಿದ್ದೇನೆ. ಕಾರ್ಬೊರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸೂರು ಹೆರಾಲ್ಡ್:

ಇದು ವೇಪರ್ ಲಾಕ್ ಅನ್ನಿಸುತ್ತದೆ. ಬಿಸಿಗೆ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗುತ್ತದೆ. ನಮ್ಮ ಹಳೆ ಪಂಪುಗಳು ಪೆಟ್ರೋಲನ್ನು ತಳ್ಳುತ್ತವೆ, ಆವಿಯನ್ನು ತಳ್ಳಲು ಅವಕ್ಕೆ ಆಗುವುದಿಲ್ಲ. ಒದ್ದೆ ಬಟ್ಟೆಗೆ ಸರಿಹೋಯಿತು ಅಂದರೆ ಅದೇ ಅಲ್ವಾ? ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪ್ ಎಂಜಿನ್‌ಗೆ ತಾಗಿಕೊಂಡಿದೆಯಾ ನೋಡಿ, ಇದ್ದರೆ ದೂರ ಸರಿಸಿ. ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕೃಷ್ಣಗಿರಿ ರಸ್ತೆಯಲ್ಲಿ ಹೀಗೇ ಕಾಡುತ್ತಿತ್ತು. ಪೈಪ್ ಸರಿಸಿದ ಮೇಲೆ ನಿಂತದ್ದಿಲ್ಲ.

ಆದರೆ ಸಂಜೆ ತಂಪಿನಲ್ಲೂ ನಿಂತಿತು ಅಂತೀರಿ. ಅದು ಮಾತ್ರ ನನಗೆ ಕೂಡಿ ಬರುತ್ತಿಲ್ಲ.

ಮಂಜೇಶ್ವರ ವಿಲ್ಲೀಸ್:

ಆ ಜೀಪಿನಲ್ಲಿ ಇದ್ದದ್ದು ನಾನೇ. ಮಗಳಿಗೆ ಬಿಸಿಲು ತಾಗಿದ್ದು ಕಡಿಮೆಯಾಯಿತಾ?

ನಾನು ಅಲ್ಲಿ ನೋಡಿದ್ದು ಹೇಳುತ್ತೇನೆ. ಬಿಸಿಯಾದಾಗ ನಿಂತು ತಣಿದಾಗ ಹಿಡಿಯುವ ಗಾಡಿ ಅಂದರೆ ನನಗೆ ಮೊದಲು ಅನುಮಾನ ಬರುವುದು ಪ್ಲಗ್ಗಿಗೆ ಕಿಡಿ ಬರಿಸುವ ಕಂಡೆನ್ಸರ್, ಕಾಯಿಲ್ ಮೇಲೆ. ಎರಡೂ ಬಿಸಿಗೆ ಕೈಕೊಡುತ್ತವೆ, ತಣಿದರೆ ಏನೂ ಆಗಿಲ್ಲದ ಹಾಗೆ ಇರುತ್ತವೆ. ಅದಕ್ಕೇ ನಿಂತ ಕೂಡಲೇ ಒಂದು ಪ್ಲಗ್ ತೆಗೆದು ವಯರಿಗೆ ಸಿಕ್ಕಿಸಿ, ಪೆಟ್ರೋಲ್ ಪೈಪಿನಿಂದ ದೂರ ಬಾಡಿಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆಸಿದೆ. ಕಿಡಿ ನೀಲಿಯಾಗಿತ್ತು, ಚಟಚಟ ಸದ್ದು ಬರುತ್ತಿತ್ತು. ಕಂಡೆನ್ಸರ್ ಹೋದರೆ ಕಿಡಿ ಹಳದಿಯಾಗಿ ಸೋತ ಹಾಗೆ ಇರುತ್ತದೆ. ಪ್ಲಗ್ ತುದಿ ಒಣಗಿತ್ತು, ಪೆಟ್ರೋಲಿನ ಪಸೆಯೇ ಇಲ್ಲ. ಹಾಗಾಗಿ ಕರೆಂಟಿನ ಕಡೆ ಹುಡುಕಿ ಹೊತ್ತು ಕಳೆಯಬೇಡಿ. ಪೆಟ್ರೋಲ್ ಬರುತ್ತಿಲ್ಲ, ಅಷ್ಟೇ.

ಪೆರ್ಲ ಅಂಬಾಸಿಡರ್:

ಮಾರಾಯ್ರೆ, ನೀವು ಇಲ್ಲಿ ಬರೆದದ್ದು ಒಳ್ಳೆಯದಾಯಿತು. ನಾನೂ ಆವತ್ತಿನಿಂದ ಅದನ್ನೇ ಯೋಚನೆ ಮಾಡುತ್ತಿದ್ದೇನೆ. ನನ್ನದು 1972ರ ಮಾರ್ಕ್ 2. ಸರಕಾರದ 2021ರ ನಿಯಮದಲ್ಲಿ 50 ವರ್ಷ ದಾಟಿದ್ದಕ್ಕೆ ಮಾತ್ರ ವಿಂಟೇಜ್ ಹೆಸರು. ನಿಮ್ಮದು ಆ ಲೆಕ್ಕದಲ್ಲಿ ಎಳೆಯದು. ಆದರೆ ರಬ್ಬರಿಗೆ ಆ ಲೆಕ್ಕ ಗೊತ್ತಿಲ್ಲವಲ್ಲ.

ನಾನು ನೋಡಿದ್ದು ಎರಡು. ಒಂದು, ಟ್ಯಾಂಕಿನ ಮುಚ್ಚಳ ತೆಗೆದೆ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಟ್ಯಾಂಕಿನ ಒಳಗೆ ಎಳೆತ ಬಂದು ಪೆಟ್ರೋಲ್ ಮುಂದೆ ಹೋಗುವುದಿಲ್ಲ, ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಎಳೆಯುತ್ತದೆ. ಅಂಥ ಸದ್ದು ಬರಲಿಲ್ಲ. ಇನ್ನೊಂದು, ಪಂಪಿಗೆ ಮೊದಲು ನೀವು ಹಾಕಿಸಿದ ಆ ಪ್ಲಾಸ್ಟಿಕ್ ಫಿಲ್ಟರ್ ಇದೆಯಲ್ಲ, ಅದರಲ್ಲಿ ತಳಕ್ಕೆ ನಾಲ್ಕು ಹನಿ ಮಾತ್ರ ಇತ್ತು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಇದ್ದದ್ದು ನಾನೇ ನೋಡಿದ್ದೇನೆ. ಅಂದರೆ ತೊಂದರೆ ಫಿಲ್ಟರಿನ ಹಿಂದೆ. ಪಂಪಿನದ್ದು, ಕಾರ್ಬೊರೇಟರಿನದ್ದು ತಪ್ಪಿಲ್ಲ.

ಆವತ್ತು ನಾವು ಬೇಕಲಕ್ಕೆ ಮುಟ್ಟುವಾಗ ಹನ್ನೊಂದೂವರೆ. ಕಾರುಗಳನ್ನೆಲ್ಲ ಕೋಟೆಯ ಹತ್ತಿರ ಸಾಲಾಗಿ ನಿಲ್ಲಿಸಿ ಆಗಿತ್ತು, ನಮ್ಮ ಮೂರಕ್ಕೆ ಜಾಗ ಖಾಲಿ ಬಿಟ್ಟು ಕಾಯುತ್ತಿದ್ದರು. ಯಾರೂ ಊಟಕ್ಕೆ ಕೂತಿರಲಿಲ್ಲ. ನಮ್ಮಲ್ಲಿ ಮೊದಲಿನಿಂದಲೂ ಹಾಗೇ. ಎಲ್ಲರಿಗಿಂತ ಹಿಂದಿನ ಗಾಡಿಯಲ್ಲಿ ಸಾಮಾನು, ಹಗ್ಗ, ನೀರು ಇರಬೇಕು, ಮುಂದೆ ಯಾರು ನಿಂತರೂ ಅವರನ್ನು ಬಿಟ್ಟು ಅದು ಮುಂದೆ ಹೋಗಬಾರದು. ಹಾಗಾಗಿ ತಡ ಮಾಡಿಸಿದೆ ಅಂತ ನೀವು ಅವತ್ತು ಹತ್ತು ಸಲ ಹೇಳಿದ್ದೀರಲ್ಲ, ಅದನ್ನು ಮನಸ್ಸಿನಿಂದ ತೆಗೆಯಿರಿ.

ಬದಿಯಡ್ಕ ಪದ್ಮಿನಿ:

ಮಗಳು ಆರಾಮ ಇದ್ದಾಳೆ ಅಣ್ಣ, ಜೀಪಿನಲ್ಲಿ ಮತ್ತೊಮ್ಮೆ ಕೂರಬೇಕು ಅಂತ ಹಟ.

ಫಿಲ್ಟರ್ ಖಾಲಿ ಇದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ನಿನ್ನೆ ಫಿಲ್ಟರ್ ಕಳಚಿ, ಸೈಕಲ್ ಪಂಪಿನಿಂದ ಆ ಪೈಪಿಗೆ ಮೆಲ್ಲಗೆ ಗಾಳಿ ಹೊಡೆದೆ. ಹಿಂದೆ ಟ್ಯಾಂಕಿನಲ್ಲಿ ಗುಳುಗುಳು ಅಂತ ಸರಿಯಾಗಿ ಕೇಳಿತು. ಕಸ ಕಟ್ಟಿದ್ದರೆ ಹೀಗೆ ಗಾಳಿ ಹೋಗುತ್ತಿತ್ತಾ? ಪೈಪ್ ಚೊಕ್ಕ ಇದೆ ಅಂತ ಆಯಿತಲ್ಲ. ಈಗ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿದ್ದೇನೆ.

ಅಕ್ಕಲಕೋಟೆ ಫಿಯಾಟ್:

ಸೊಲ್ಲಾಪುರ ಕಡೆಯಿಂದ ನಮಸ್ಕಾರ ರೀ. ನಿಮ್ಮ ಗಾಡಿ ನಾ ನೋಡಿಲ್ಲ, ಆದರೂ ನೀವೆಲ್ಲ ಬರೆದದ್ದು ಓದಿದ ಮೇಲೆ ಒಂದೇ ಜಾಗ ಉಳಿಯಿತು. ಟ್ಯಾಂಕ್ ಹತ್ತಿರದ ರಬ್ಬರ್ ಹೋಸ್ ನೋಡ್ರಿ.

ಗಾಳಿ ಹೊಡೆದಾಗ ಗುಳುಗುಳು ಬಂತು ಅಂದಿರಿ. ಅದನ್ನು ನಂಬಿ ನಾನೂ ಒಮ್ಮೆ ಮೋಸ ಹೋಗಿದ್ದೆ. ಗಾಳಿ ಹೊಡೆದರೆ ಹೋಸ್ ಉಬ್ಬುತ್ತದೆ, ದಾರಿ ಬಿಡುತ್ತದೆ. ಆದರೆ ಗಾಡಿ ಓಡುವಾಗ ಪಂಪ್ ಅದರೊಳಗೆ ಊದುವುದಿಲ್ಲ, ಎಳೆಯುತ್ತದೆ. ಮೆತ್ತಗಾದ ರಬ್ಬರನ್ನು ಎಳೆದರೆ ಅದು ಚಪ್ಪಟೆಯಾಗಿ ಕೂತುಬಿಡುತ್ತದೆ. ಸಮತಟ್ಟು ರಸ್ತೆಯಲ್ಲಿ ಪೆಟ್ರೋಲ್ ಕಡಿಮೆ ಸಾಕು, ಎಳೆತವೂ ಕಡಿಮೆ, ಹೇಗೋ ನಡೆಯುತ್ತದೆ. ಏರಿನಲ್ಲಿ ಎಕ್ಸಲೇಟರ್ ಒತ್ತಿ ಹಿಡಿದಾಗ ಪೆಟ್ರೋಲ್ ಜಾಸ್ತಿ ಬೇಕು, ಅಲ್ಲಿ ಕತ್ತು ಹಿಸುಕಿದ ಹಾಗೆ ಆಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ರಬ್ಬರ್ ತಾನಾಗಿ ಮತ್ತೆ ದುಂಡಗಾಗುತ್ತದೆ, ಗಾಡಿ ಸ್ಟಾರ್ಟ್. ನೀವು ಸುತ್ತಿದ ಒದ್ದೆ ಬಟ್ಟೆ ಅಲ್ಲ, ನೀವು ಕಾದ ಹೊತ್ತು ಕೆಲಸ ಮಾಡಿತು. ಸಂಜೆ ತಂಪಿನಲ್ಲೂ ಏರಿನಲ್ಲೇ ನಿಂತದ್ದು ಇದಕ್ಕೇ.

ಈಗಿನ ಪೆಟ್ರೋಲ್ ಬೇರೆ. 2025ಕ್ಕೆ ನಮ್ಮಲ್ಲಿ ಶೇಕಡಾ 20 ಎಥೆನಾಲ್ ಬೆರೆತದ್ದು ಬಂತು. 1985ರಲ್ಲಿ ಅದನ್ನು ಲೆಕ್ಕ ಹಾಕಿ ರಬ್ಬರ್ ಮಾಡಿರಲಿಲ್ಲ. ಹಳೆ ಹೋಸ್ ಒಳಗಿನಿಂದ ಉಬ್ಬಿ ಮೆತ್ತಗಾಗುತ್ತದೆ, ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ಹೀಗೆ ಮಾಡ್ರಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿ ವಯರ್ ಕಳಚಿರಬೇಕು, ಬಯಲಲ್ಲಿ ಮಾಡಬೇಕು. ಕಾರ್ಬೊರೇಟರಿಗೆ ಹೋಗುವ ಪೈಪ್ ಬಿಡಿಸಿ ಬಾಟಲಿಗೆ ಇಳಿಬಿಡಿ. ಪಂಪಿಗೆ ಕೈಯಲ್ಲಿ ಒತ್ತುವ ಲಿವರ್ ಇದ್ದರೆ ಒಬ್ಬರು ಅದನ್ನು ಜೋರಾಗಿ ಒತ್ತುತ್ತಲೇ ಇರಲಿ. ಇನ್ನೊಬ್ಬರು ಟ್ಯಾಂಕ್ ಹತ್ತಿರದ ಹೋಸ್ ಮೇಲೆ ಕಣ್ಣಿಟ್ಟಿರಲಿ. ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಕೆಲಸ ಯಾರೂ ಮಾಡಬೇಡಿ, ಕೈಮುಗಿದು ಹೇಳುತ್ತೇನೆ. ಮತ್ತೆ, ರಸ್ತೆ ಬದಿಯಲ್ಲಿ ಎಂಜಿನ್ ಕೆಂಡದ ಹಾಗೆ ಇರುವಾಗ ಪೆಟ್ರೋಲ್ ಪೈಪ್ ಬಿಚ್ಚಬೇಡಿ. ಎಷ್ಟೇ ಅವಸರ ಇದ್ದರೂ ಕಾಯ್ರಿ.

ಹೊಸ ಹೋಸ್ ತರುವಾಗ ಹಳೆಯದರ ತುಂಡು ಒಯ್ಯಿರಿ, ಒಳಗಿನ ಅಳತೆ ಅದರಿಂದಲೇ ನೋಡಬೇಕು. ಅಂಗಡಿಯಲ್ಲಿ ಎಸ್ಎಇ ಜೆ30 ಆರ್9 ಅಂತ ಮೇಲೆ ಬರೆದದ್ದು ಕೇಳಿ. ಅದರ ಒಳಪದರ ಎಥೆನಾಲ್ ತಡೆಯುತ್ತದೆ. ಬರೀ ಗಟ್ಟಿ ಇದೆ ಅಂತ ನೀರಿನ ಹೋಸ್ ಹಾಕಿದರೆ ಮತ್ತೆ ಇದೇ ಕತೆ.

ಬದಿಯಡ್ಕ ಪದ್ಮಿನಿ:

ಸಿಕ್ಕಿತು! ಅಕ್ಕಲಕೋಟೆಯವರೆ, ನೀವು ಹೇಳಿದ್ದೇ.

ಇವತ್ತು ಬೆಳಿಗ್ಗೆ ಪೆರ್ಲದ ಅಣ್ಣ ಕರೆಯದೆಯೇ ಬಂದರು. ಅವರು ಲಿವರ್ ಒತ್ತಿದರು, ನಾನು ಹಿಂದೆ ಗೋಣಿ ಹಾಸಿ ಮಲಗಿ ನೋಡಿದೆ. ಮೊದಲು ಏನೂ ಇಲ್ಲ. ಬಾಟಲಿಗೆ ಪೆಟ್ರೋಲ್ ಸರಿಯಾಗಿ ಹಾರುತ್ತಿತ್ತು. ಬಿಡಬೇಡಿ ಅಂದೆ. ಮೂವತ್ತು ನಲವತ್ತು ಸಲ ಒತ್ತಿರಬಹುದು, ಬಾಗಿದ ಜಾಗದಲ್ಲಿ ಹೋಸ್ ಮೆಲ್ಲ ಮೆಲ್ಲ ಒಳಗೆ ಹೋಗುವುದು ಕಂಡಿತು. ಹಲ್ಲಿಲ್ಲದ ಅಜ್ಜ ಬೀಡಿ ಎಳೆಯುವಾಗ ಕೆನ್ನೆ ಒಳಗೆ ಹೋಗುತ್ತದಲ್ಲ, ಹಾಗೇ. ಅಷ್ಟರಲ್ಲಿ ಮುಂದಿನಿಂದ ಅಣ್ಣ ಕೂಗಿದರು, ಬಾಟಲಿಗೆ ಬರುವುದು ನಿಂತಿತು ಅಂತ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡು ತಿಂಗಳಿಂದ ಹುಡುಕಿದ್ದು ಕಣ್ಣ ಮುಂದೆ ಇತ್ತು.

ಹೋಸ್ ತೆಗೆದು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆವು. ಹೊರಗೆ ಹೊಳೆಯುವ ಕಪ್ಪು, ಒಂದು ಬಿರುಕೂ ಇಲ್ಲ. ಒಳಗೆ ಬೆರಳು ಆಡಿಸಿದರೆ ಕಾಡಿಗೆಯ ಹಾಗೆ ಕಪ್ಪು ಅಂಟಿಕೊಳ್ಳುತ್ತದೆ. ಒಳಪದರ ಒಂದು ಕಡೆ ಎದ್ದು ನಾಲಿಗೆಯ ಹಾಗೆ ನೇತಾಡುತ್ತಿತ್ತು.

ಕಾಸರಗೋಡಿನಿಂದ ಆರ್9 ಹೋಸ್ ತಂದು ಹಾಕಿದೆವು, ಟ್ಯಾಂಕ್ ಹತ್ತಿರದ್ದು, ಪಂಪ್ ಹತ್ತಿರದ್ದು ಎರಡೂ. ಕ್ಲಿಪ್ಪುಗಳೂ ಹೊಸದು. ಎಂಜಿನ್ ಓಡಿಸಿ ಹತ್ತು ನಿಮಿಷ ಎಲ್ಲಾದರೂ ಹನಿಯುತ್ತದಾ ಅಂತ ನೋಡಿದೆವು. ಆಮೇಲೆ ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೇ ತೆಕ್ಕಿಲ್ ಏರಿಗೆ ಹೋದೆವು, ಅಣ್ಣ ಹಿಂದಿನಿಂದ ಅಂಬಾಸಿಡರಿನಲ್ಲಿ. ನಾಲ್ಕು ಸಲ ಹತ್ತಿಳಿದೆವು. ನಾಲ್ಕು ಸಲವೂ ಫಿಲ್ಟರಿನಲ್ಲಿ ಪೆಟ್ರೋಲ್ ತುಂಬಿತ್ತು. ಒಂದು ಸಲವೂ ಜಗ್ಗಲಿಲ್ಲ.

ಬರುವಾಗ ಆ ಮಜ್ಜಿಗೆ ಕೊಟ್ಟ ಮನೆಗೆ ಹೋಗಿ ಕೊಡ ವಾಪಸ್ ಕೊಟ್ಟೆವು. ಆವತ್ತು ಗಡಿಬಿಡಿಯಲ್ಲಿ ನನ್ನ ಡಿಕ್ಕಿಯಲ್ಲೇ ಉಳಿದಿತ್ತು. ಗಾಡಿ ಸರಿಯಾಯಿತಾ ಅಂತ ಆ ಅಮ್ಮ ಮಲಯಾಳದಲ್ಲಿ ಕೇಳಿದರು, ಮಗಳು ಯಾಕೆ ಬರಲಿಲ್ಲ ಅಂತಲೂ ಕೇಳಿದರು.

ಹೊಸೂರಿನವರಿಗೆ, ಮಂಜೇಶ್ವರದ ಅಣ್ಣನಿಗೆ, ಅಕ್ಕಲಕೋಟೆಯವರಿಗೆ ಮನಸಾರೆ ಧನ್ಯವಾದ. ಪೆರ್ಲದ ಅಣ್ಣನಿಗೆ ಏನು ಹೇಳುವುದು ಅಂತ ಗೊತ್ತಿಲ್ಲ. ಅಣ್ಣ, ನಿಮ್ಮ ರಿಂಗ್ ಸ್ಪ್ಯಾನರ್ ಒಂದು ನನ್ನಲ್ಲೇ ಇದೆ, ಭಾನುವಾರ ತರುತ್ತೇನೆ. ಹೋಸ್ ಒಂದು ಮೀಟರ್ ಉಳಿದಿದೆ. ನಿಮ್ಮ ಗಾಡಿಯದ್ದು ಯಾವಾಗ ಬದಲಾಯಿಸಿದ್ದು?

ಪೆರ್ಲ ಅಂಬಾಸಿಡರ್:

ನೆನಪಿಲ್ಲ. ಅಂದರೆ ಬದಲಾಯಿಸಬೇಕು ಅಂತಲೇ ಲೆಕ್ಕ. ಮೊನ್ನೆ ನಿಮ್ಮ ಹೋಸ್ ಸೀಳಿ ನೋಡಿದ ಮೇಲೆ ನನಗೂ ನಿದ್ದೆ ಸರಿ ಬಂದಿಲ್ಲ. ಹೋಸ್ ತನ್ನಿ, ನನ್ನದಕ್ಕೆ ಅಳತೆ ಆಗುತ್ತದಾ ಅಂತ ಮೊದಲು ನೋಡುವ, ಆಗದಿದ್ದರೆ ಬೇರೆ ತರುವ. ಟ್ಯಾಂಕಿನ ಪೆಟ್ರೋಲ್ ತೆಗೆದು ಇಟ್ಟಿರುತ್ತೇನೆ. ಮನೆಯವರನ್ನೂ ಕರೆದುಕೊಂಡು ಬನ್ನಿ, ಊಟ ಇಲ್ಲೇ. ಕ್ಲಿಪ್ ಎರಡು ಜಾಸ್ತಿ ಇರಲಿ.