ಸಹಾಯ ಬೇಕು: ಮುಟ್ಟಿಗೆ ಮುಂಚಿನ ದಿನಗಳನ್ನು ನೀವು ಹೇಗೆ ನಿಭಾಯಿಸುತ್ತೀರಿ?

ಗುಂಪಿನ ಎಲ್ಲ ಸಹೋದರಿಯರಿಗೆ ನಮಸ್ಕಾರ.

ಮುಟ್ಟು ಹತ್ತಿರವಾದಂತೆ ನನಗೆ ಸ್ತನಗಳಲ್ಲಿ ನೋವು, ಹೊಟ್ಟೆಯುಬ್ಬರ, ತಲೆನೋವು ಶುರುವಾಗುತ್ತವೆ. ಇವನ್ನು ಹೇಗೋ ತಡೆದುಕೊಳ್ಳಬಹುದು; ಆದರೆ ಜೊತೆಗೇ ಬರುವ ಸಿಡುಕು, ಕಾರಣವಿಲ್ಲದ ಅಳು ಮತ್ತು ನಿದ್ರಾಹೀನತೆ ನನ್ನ ಕೆಲಸವನ್ನೂ ಮನೆಯವರೊಂದಿಗಿನ ಮಾತುಕತೆಯನ್ನೂ ಕೆಡಿಸುತ್ತಿವೆ. ಸ್ರಾವ ಆರಂಭವಾದ ಮೇಲೆ ಎಲ್ಲವೂ ತಿಳಿಯಾಗುತ್ತದೆ.

ಅಂಡೋತ್ಸರ್ಗದ (ಅಂಡಾಶಯದಿಂದ ಅಂಡಾಣು ಹೊರಬರುವುದರ) ನಂತರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳಲ್ಲಾಗುವ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂದು ವಿವರಿಸಿದ ವೈದ್ಯೆ, ಕನಿಷ್ಠ 2 ಋತುಚಕ್ರಗಳವರೆಗೆ ಲಕ್ಷಣಗಳನ್ನು ದಿನವೂ ಬರೆದಿಡಲು ಹೇಳಿದ್ದಾರೆ. ಇದು ಮನಸ್ಸಿನ ದೌರ್ಬಲ್ಯವಲ್ಲ ಎಂಬ ಅವರ ಮಾತೇ ನನಗೆ ದೊಡ್ಡ ಸಮಾಧಾನ ತಂದಿತು. ಮನಸ್ಸಿನ ಲಕ್ಷಣಗಳು ತೀರಾ ತೀವ್ರವಾಗಿದ್ದರೆ ಅದು ಪಿಎಂಡಿಡಿ (ಮುಟ್ಟಿಗೆ ಮುಂಚೆ ಕಾಣಿಸಿಕೊಳ್ಳುವ ತೀವ್ರ ಮಾನಸಿಕ ತೊಂದರೆ) ಆಗಿರಬಹುದು. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿದೆ. ಅದಕ್ಕೆ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ ನಿವಾರಕ ಗುಂಪಿನ ಮಾತ್ರೆಗಳನ್ನು ತಿಂಗಳಿಡೀ ಅಥವಾ ಮುಟ್ಟಿಗೆ ಮುಂಚಿನ ಸುಮಾರು 2 ವಾರ ಮಾತ್ರ ಕೊಡುವುದುಂಟು.

ಈ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ತೆಗೆದುಕೊಂಡವರು, ಅವುಗಳಿಂದ ಎಷ್ಟು ಉಪಶಮನ ಸಿಕ್ಕಿತು, ವಾಕರಿಕೆಯಂಥ ಅಡ್ಡಪರಿಣಾಮಗಳು ಎಷ್ಟು ಕಾಡಿದವು ಎಂಬುದನ್ನು ದಯವಿಟ್ಟು ತಿಳಿಸಿ. ನಿಯಮಿತ ವ್ಯಾಯಾಮ, ಕ್ಯಾಲ್ಸಿಯಂ ಅಥವಾ ಆಪ್ತಸಮಾಲೋಚನೆಯಿಂದಲೇ ಸುಧಾರಿಸಿದವರ ಅನುಭವವೂ ನನಗೆ ಅಷ್ಟೇ ಮುಖ್ಯ. ಎಲ್ಲಕ್ಕಿಂತ ಹೆಚ್ಚಾಗಿ, ಈ ದಿನಗಳಲ್ಲಿ ನಿಮಗೆ ಏನಾಗುತ್ತದೆ ಎಂಬುದನ್ನು ಗಂಡನಿಗೆ, ಮಕ್ಕಳಿಗೆ ಅಥವಾ ಮೇಲಧಿಕಾರಿಗಳಿಗೆ ಯಾವ ಮಾತುಗಳಲ್ಲಿ ತಿಳಿಸಿದಿರಿ? ಇಲ್ಲಿ ಬರೆಯಲು ಸಂಕೋಚವೆನಿಸಿದರೆ ನನಗೆ ಖಾಸಗಿಯಾಗಿಯೂ ಬರೆಯಬಹುದು.