ಸಹಾಯ ಬೇಕು: ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ ಭಾಗಿಸಿದ ಮೇಲೆ ಏನು ಮಾಡ್ಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವಳು, ಫಸ್ಟ್ ಪಿಯುಸಿ ಸೈನ್ಸ್. ಲಿಮಿಟಿಂಗ್ ರಿಯೇಜೆಂಟ್ ಅಂದ್ರೆ ಕ್ರಿಯೆಯಲ್ಲಿ ಮೊದಲು ಖಾಲಿಯಾಗೋ ವಸ್ತು, ಅಷ್ಟು ಗೊತ್ತು.

ಸರ್ ಬಳಚಿನ ಚಿಪ್ಪಿಗೆ ಆಸಿಡ್ ಹಾಕೋ ಲೆಕ್ಕ ಕೊಟ್ಟಿದ್ರು (ಅಘನಾಶಿನಿ ದಡದವರಿಗೆ ಚಿಪ್ಪಿಗೇನು ಬರವೇ!). ಚಿಪ್ಪು ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಇಟ್ಕೊಂಡ್ರೆ 10 ಗ್ರಾಂ, ಅಂದ್ರೆ 0.1 ಮೋಲ್. 0.75 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ 200 ಮಿ.ಲೀ., ಅಂದ್ರೆ 0.15 ಮೋಲ್. ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಆಸಿಡ್ ಬೇಕು, ಹಾಗಾಗಿ 0.15ನ್ನು 2ರಿಂದ ಭಾಗಿಸಿದೆ, 0.075 ಬಂತು. ಇದು 0.1ಕ್ಕಿಂತ ಕಡಿಮೆ, ಆಸಿಡ್ಡೇ ಮೊದಲು ಖಾಲಿ. 0.075 × 44 = 3.3 ಗ್ರಾಂ ಕಾರ್ಬನ್ ಡೈಆಕ್ಸೈಡ್. ಉತ್ತರ ತಾಳೆ ಆಯ್ತು.

ಅಮೋನಿಯಾ ಲೆಕ್ಕಕ್ಕೆ (N₂ + 3H₂ → 2NH₃) ಇದೇ ದಾರಿ ಹಿಡಿದ್ರೆ ಆಗ್ತಾ ಇಲ್ಲ. 28 ಗ್ರಾಂ ನೈಟ್ರೋಜನ್ 1 ಮೋಲ್, 3 ಗ್ರಾಂ ಹೈಡ್ರೋಜನ್ 1.5 ಮೋಲ್. 1.5ನ್ನು 3ರಿಂದ ಭಾಗಿಸಿದ್ರೆ 0.5, ಹೈಡ್ರೋಜನ್ನೇ ಕಡಿಮೆ. 0.5 × 17 = 8.5 ಗ್ರಾಂ. ಆದ್ರೆ ಪುಸ್ತಕದ ಉತ್ತರ 17 ಗ್ರಾಂ! ವಿಡಿಯೋದವರೆಲ್ಲ ಯಾವುದು ಕಡಿಮೆ ಅಂತ ಹೇಳಿ ಮುಂದೆ ಓಡ್ತಾರೆ ಮಾರಾಯ್ರೆ.

ನನ್ನ ಪ್ರಶ್ನೆ ಇಷ್ಟೆ: ಭಾಗಿಸಿ ಬಂದ ಸಂಖ್ಯೆ ಬರೀ ಹೋಲಿಸ್ಲಿಕ್ಕಾ? ಅಥವಾ ಅದನ್ನ ಸಮೀಕರಣದಲ್ಲಿ ಅಮೋನಿಯಾದ ಮುಂದಿರೋ 2ರಿಂದ ಮತ್ತೆ ಗುಣಿಸ್ಬೇಕಾ? ಹೌದಾದ್ರೆ ಯಾಕೆ?