ಕೆಳಗೆ ಅಂಟಿಕೊಂಡ ಬೆನ್ನುಹುರಿ: ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಔಷಧಿಯಲ್ಲೇ ಕಾಯಬಹುದೇ?

ಪ್ರಶ್ನೆ – ಸೋಮವಾರಪೇಟೆಯ ತಾಯಿ

ನನ್ನ ಆರು ವರ್ಷದ ಮಗಳಿಗೆ ಹುಟ್ಟಿನಿಂದಲೇ ಸೊಂಟದ ಬಳಿ ಮೆತ್ತನೆಯ ಕೊಬ್ಬಿನ ಗಂಟಿದೆ. ಮೂತ್ರದ ಮೇಲೆ ಹಿಡಿತ ಬಂದಿದ್ದವಳು ಈಚೆಗೆ ಹಗಲಿನಲ್ಲೂ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದಾಳೆ. ಎಡಪಾದವೂ ತುಸು ಒಳಕ್ಕೆ ತಿರುಗುತ್ತಿದೆ. ಬೆನ್ನುಹುರಿಯ ತುದಿ ಸೊಂಟದ ನಾಲ್ಕನೇ ಮೂಳೆಯವರೆಗೆ ಇಳಿದು ಆ ಗಂಟಿಗೆ ಅಂಟಿಕೊಂಡಿದೆ ಎಂದು ಮೈಸೂರಿನಲ್ಲಿ ಮಾಡಿಸಿದ ಎಂಆರ್‌ಐ ವರದಿ ಹೇಳುತ್ತದೆ. ನ್ಯೂರೋಸರ್ಜನ್ ಶಸ್ತ್ರಚಿಕಿತ್ಸೆ ಬೇಕೆಂದಿದ್ದಾರೆ. ಮಾತ್ರೆ, ಫಿಸಿಯೋಥೆರಪಿಯಲ್ಲಿ ಕೆಲವು ವರ್ಷ ನೋಡೋಣವೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹಾಗೆ ಕಾಯಬಹುದೇ?

ಉತ್ತರ – ವಿರಾಜಪೇಟೆಯ ಫಿಸಿಯೋಥೆರಪಿಸ್ಟ್

ಸಾಮಾನ್ಯವಾಗಿ ಬೆನ್ನುಹುರಿ ಸೊಂಟದ ಒಂದನೇ ಅಥವಾ ಎರಡನೇ ಮೂಳೆಯ ಮಟ್ಟದಲ್ಲಿ ಮುಗಿಯುತ್ತದೆ. ಕೆಳಗೆ ಅಂಟಿಕೊಂಡಿದ್ದರೆ ಮಗು ಬೆಳೆದಂತೆ, ಬಗ್ಗಿದಂತೆ ಅದು ಜಗ್ಗಲ್ಪಟ್ಟು, ಅದರೊಳಗಿನ ರಕ್ತಸಂಚಾರ ಕುಗ್ಗಿ, ಕಾಲು ಮತ್ತು ಮೂತ್ರಕೋಶದ ನರಗಳು ಸೊರಗುತ್ತವೆ. ಈ ಜಗ್ಗಾಟವನ್ನು ಬಿಡಿಸುವ ಮಾತ್ರೆಯಿಲ್ಲ. ಆಕ್ಸಿಬ್ಯುಟಿನಿನ್ ಎಂಬ ಔಷಧಿ ಮೂತ್ರಕೋಶದ ಬಿಗಿತವನ್ನು ತಗ್ಗಿಸುತ್ತದೆ, ನಾನು ಕೊಡುವ ವ್ಯಾಯಾಮ ಸ್ನಾಯುವನ್ನು ಕಾಯುತ್ತದೆ, ಅಷ್ಟೇ. ಗಂಟನ್ನು ಎಣ್ಣೆ ಹಚ್ಚಿ ತಿಕ್ಕಿ ಕರಗಿಸುತ್ತೇವೆ ಎನ್ನುವವರನ್ನಂತೂ ಹತ್ತಿರ ಸೇರಿಸಬೇಡಿ. ನಿಮ್ಮ ಮಗಳಲ್ಲಿ ಇದ್ದ ಹಿಡಿತವೇ ತಪ್ಪುತ್ತಿರುವುದರಿಂದ ಕಾಯುವುದು ಸರಿಯಲ್ಲವೆಂದು ನನಗನಿಸುತ್ತದೆ.

ಉತ್ತರ – ಗೋಣಿಕೊಪ್ಪದ ತಂದೆ

ನನ್ನ ಮಗನಿಗೆ ಬೆಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಆಯಿತು. ಕಾಲುನೋವು ಬೇಗ ಹೋಯಿತು. ಮೂತ್ರದ ತೊಂದರೆಯನ್ನು ಬಹಳ ಕಾಲ ಬಿಟ್ಟಿದ್ದೆವಾದ್ದರಿಂದ ಅದು ಪೂರ್ತಿ ಸರಿಹೋಗಲಿಲ್ಲ, ಈಗಲೂ ಹೊತ್ತುಹೊತ್ತಿಗೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿ ಮೂತ್ರ ತೆಗೆಯುತ್ತೇವೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಲ್ಯಾಟೆಕ್ಸ್ ಅಲರ್ಜಿ ಬರುವುದರಿಂದ ಆ ರಬ್ಬರಿಲ್ಲದ ಕ್ಯಾತಿಟರನ್ನೇ ಕೇಳಿ ಪಡೆಯಿರಿ. ಬೆನ್ನುಹುರಿಯ ನೀರು ಸೋರುವುದು, ಸೋಂಕು, ನರಕ್ಕೆ ಪೆಟ್ಟು, ವರ್ಷಗಳ ನಂತರ ಮತ್ತೆ ಅಂಟಿಕೊಳ್ಳುವುದು ಇವೆಲ್ಲ ಇರುವ ಅಪಾಯಗಳೇ. ಶಸ್ತ್ರಚಿಕಿತ್ಸೆಯ ವೇಳೆ ನರಗಳ ಸಂಕೇತವನ್ನು ಯಂತ್ರದಲ್ಲಿ ಗಮನಿಸುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉತ್ತರ – ಮಡಿಕೇರಿಯ ನಿವೃತ್ತ ಶುಶ್ರೂಷಕಿ

ನಿಮ್ಮ ಅತ್ತೆಯವರ ಮಾತು ಬೇರೆ ಕೆಲವು ಮಕ್ಕಳಿಗೆ ಒಪ್ಪುತ್ತದೆ. ಬೆನ್ನುಹುರಿಗೇ ಕೊಬ್ಬಿನ ಗಂಟು ಅಂಟಿದ್ದರೂ ಯಾವ ಲಕ್ಷಣವೂ ಕಾಣದ ಮಗುವಿಗೆ ಕತ್ತರಿ ಹಾಕಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಹಲವರು ಕಾಲಕಾಲಕ್ಕೆ ಪರೀಕ್ಷಿಸುತ್ತಾ ಕಾಯುತ್ತಾರೆ. ಬೆನ್ನುಹುರಿಯ ತುದಿಯ ಎಳೆ ಮಾತ್ರ ದಪ್ಪಗಾಗಿದ್ದರೆ ಅದನ್ನು ಕತ್ತರಿಸುವುದು ಸಣ್ಣ ಕೆಲಸ. ನಿಮ್ಮ ಮಗಳದ್ದು ಅದಕ್ಕಿಂತ ತೊಡಕಿನದ್ದು. ಆದ್ದರಿಂದ ಮಕ್ಕಳ ನ್ಯೂರೋಸರ್ಜರಿಯಲ್ಲಿ ಪಳಗಿದವರ ಎರಡನೇ ಅಭಿಪ್ರಾಯವನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಡಮಾಡದೆ ಪಡೆಯಿರಿ. ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿದರೆ ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ. ಆಯುಷ್ಮಾನ್ ಕಾರ್ಡ್ ಇದ್ದರೆ ರೆಫರಲ್ ಪತ್ರದ ವಿಷಯವನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡೇ ಹೊರಡಿ.